ಎರಡು ರೈಲುಗಳ ಬೊಂಬೆಗಾರ

ಬೆಳಕು ಹರಿಯುವ ಹೊತ್ತು. ಗ್ರೇಟರ್ ನೋಯ್ಡಾದ ಹೊರವಲಯದ ರಸ್ತೆಬದಿ, ನೀಲಿ ತಗಡಿನ ಶೆಡ್ಡಿನ ಬಾಗಿಲಲ್ಲಿ ಶಂಕರಪ್ಪ ಚಿತ್ರಗಾರ ಪೂರ್ವಕ್ಕೆ ಮುಖಮಾಡಿ ಕೂತಿದ್ದಾರೆ. ಎಡಗೈಯಲ್ಲಿ ಹುಣಸೆ ಬೀಜದಷ್ಟು ಎತ್ತರದ ಮರದ ಮನುಷ್ಯ, ಬಲಗೈಯಲ್ಲಿ ಸೂಜಿ. ಸೂಜಿಮೊನೆಯನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಎರಡು ಚುಕ್ಕೆ ಇಡುತ್ತಾರೆ. ಕಣ್ಣು ಬಂದ ಮನುಷ್ಯನನ್ನು ಪಕ್ಕದ ಹಲಗೆಯ ಮೇಲಿನ ಪುಟ್ಟ ರೈಲು ನಿಲ್ದಾಣದಲ್ಲಿ ನಿಲ್ಲಿಸಿ, "ನಿಲ್ಲಪ್ಪ, ನಿನ್ನ ಗಾಡಿ ಬರ್ತೈತಿ" ಎನ್ನುತ್ತಾರೆ.

ಶಂಕರಪ್ಪ ಮಾಡುವುದು ಮಾಡೆಲ್‌ಗಳನ್ನು. ಬಿಲ್ಡರ್‌ಗಳ ಕಚೇರಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮನ್ನು ಮರುಳುಮಾಡುವ ಅಪಾರ್ಟ್‌ಮೆಂಟುಗಳು, ಇನ್ನೂ ಕಟ್ಟದ ಸೇತುವೆಗಳು, ಬಾರದ ರೈಲುಗಳು. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರಿರುತ್ತದೆ, ಇವರದಿರುವುದಿಲ್ಲ. ಹುಟ್ಟೂರು ಕೊಪ್ಪಳದ ಕಿನ್ನಾಳ, ತಲತಲಾಂತರದಿಂದ ಮರದ ಬೊಂಬೆ ಮಾಡುವ ಮನೆ. ಬೊಂಬೆ ಮಾರಲು ದಿಲ್ಲಿಯ ಮೇಳಕ್ಕೆ ಬಂದವರು ಇಲ್ಲಿಯೇ ಉಳಿದರು. "ಕಣ್ಣು ಕಡೀಗಿ ಬರೀಬೇಕು, ಅದೂ ಹೊತ್ತು ಮೂಡುವಾಗ. ಕಣ್ಣಿಲ್ಲದ ಬೊಂಬಿ ಹೊಸ್ತಿಲ ದಾಟಬಾರದು ಅಂತ ನಮ್ಮಪ್ಪ ಹೇಳತಿದ್ದ್ರಿ" ಎನ್ನುವ ಶಂಕರಪ್ಪ, ಕಣ್ಣಿದೆಯೋ ಇಲ್ಲವೋ ಬರಿಗಣ್ಣಿಗೆ ತಿಳಿಯದ ಈ ಮನುಷ್ಯರಿಗೂ ಆ ನಿಯಮ ತಪ್ಪಿಸುವುದಿಲ್ಲ.

ಒಮ್ಮೆ ಮಾತ್ರ ತಪ್ಪಿಸಲು ಹೊರಟಿದ್ದರು. ಕಾರಣ ರೈಲು.

ಈ ಭಾಗದಿಂದ ದುಡಿಯಲು ಹೋಗುವವರಿಗೆ ರಸ್ತೆಯೇ ಎರಡನೇ ಮನೆ. ನನ್ನದೂ ಅದೇ ಪಾಡು. ಹಾಗಾಗಿ ಯಾವ ರೈಲು ಬೇಕೆಂದು ಜನರನ್ನು ಕೇಳಲು ಸರ್ಕಾರದವರು ಸಭೆ ಕರೆದಾಗ ನಾವೆಲ್ಲ ಹಿಗ್ಗಿದ್ದೆವು. ಒಂದು, ಮೆಟ್ರೋವನ್ನು ನೆಲದಡಿಯಲ್ಲಿ ಮುಂದುವರಿಸುವುದು. ಯಾರ ಮನೆಯೂ ಹೋಗುವುದಿಲ್ಲ, ಆದರೆ ನಿಲ್ದಾಣ ದೂರದ ಮಾಲ್ ಹತ್ತಿರ. ಇನ್ನೊಂದು, ರಸ್ತೆಯ ಮೇಲೆಯೇ ಓಡುವ ಲೈಟ್ ರೈಲು. ಮನೆಬಾಗಿಲಿಗೆ ಸ್ಟಾಪ್, ಆದರೆ ರಸ್ತೆ ಅಗಲವಾಗಬೇಕು, ಶೆಡ್ಡುಗಳ ಸಾಲು ಹೋಗಬೇಕು. ಸಭೆಗೆ ಎರಡರ ಮಾಡೆಲ್‌ಗಳೂ ಬೇಕಿದ್ದವು. ಕೆಲಸ ಬಂದದ್ದು ಶಂಕರಪ್ಪನವರಿಗೇ. ತನ್ನ ಶೆಡ್ಡು ಇಲ್ಲದ ಊರನ್ನು ತಾನೇ ಕೆತ್ತುವ ಯೋಗ ಯಾರಿಗೂ ಬೇಡ.

ಮನೆಯೊಳಗೂ ಎರಡು ಪಕ್ಷವಾಯಿತು. ಹೆಂಡತಿ ಲೀಲಮ್ಮ ಘಾಜಿಯಾಬಾದಿನ ಹಾಸ್ಟೆಲೊಂದರಲ್ಲಿ ಅಡುಗೆಯವರು. ಆಟೋ ಬದಲಿಸಿ ಬದಲಿಸಿ ಹೋಗಬೇಕು, ಹಾಗಾಗಿ ಅವರು ಲೈಟ್ ರೈಲಿನ ಪಕ್ಷ. "ಇವರಿಗೆ ಶೆಡ್ಡಿನ ಚಿಂತಿ, ನನಗ ಮೊಣಕಾಲಿನ ಚಿಂತಿ. ಆಟೋ ಭಯ್ಯಾಗೋಳು ಪೂರಾ ನಿಲ್ಲಸೂದ ಇಲ್ಲ, ಜಿಗೀಬೇಕು" ಎಂದು ಅವರು ನಗುತ್ತಾರೆ. ಆಗ ನಗುತ್ತಿರಲಿಲ್ಲವಂತೆ.

ಮೆಟ್ರೋ ಮಾಡೆಲ್ ಚೆಂದವಾಗಿ ಮುಗಿಯಿತು. ಲೈಟ್ ರೈಲಿನದಕ್ಕೆ ಶಂಕರಪ್ಪ ಮನುಷ್ಯರನ್ನು ಅಂಟಿಸಿದರು, ಕಣ್ಣು ಬರೆಯಲಿಲ್ಲ. ರಸ್ತೆಯಾಚೆ ಮುಳ್ಳುಕಂಟಿ ಬೆಳೆದ ಖಾಲಿ ಜಾಗವನ್ನಂತೂ ಮಾಡಲೇ ಇಲ್ಲ, ಹಲಗೆಯನ್ನು ಅಲ್ಲಿಗೇ ಕತ್ತರಿಸಿಬಿಟ್ಟರು. "ಸಿಟ್ಟು ನೋಡ್ರಿ. ನಮ್ಮನ್ನ ಎಬ್ಬಿಸೋ ಗಾಡಿಗೆ ನಾನ್ಯಾಕ ಜೀವ ತುಂಬಲಿ ಅನಿಸ್ತು."

ಸಭೆಯ ಹಿಂದಿನ ದಿನ ಬೆಳಿಗ್ಗೆ ಮಾಡೆಲ್ ಒಯ್ಯಲು ಟೆಂಪೋ ಬಂದು ನಿಂತಿತು. ಕೆಲಸಕ್ಕೆ ಹೊರಟ ಲೀಲಮ್ಮ ಬಗ್ಗಿ ನೋಡಿದರು. ಸ್ಟಾಪಿನಲ್ಲಿ ಕೈಚೀಲ ಹಿಡಿದ ಒಂದು ಹೆಣ್ಣುಬೊಂಬೆ ಇತ್ತು. "ಇಲ್ಲಿ ನಿಂತಾಕಿ ನಾನಲ್ಲೇನ್ರಿ? ನನಗೂ ಕಣ್ಣು ಬ್ಯಾಡೇನು?" ಎಂದಷ್ಟೇ ಕೇಳಿ ಆಟೋ ಹತ್ತಿದರು.

ಶಂಕರಪ್ಪ ಟೆಂಪೋದವನಿಗೆ ಕೈಮುಗಿದು ನಾಳೆ ಬೆಳಿಗ್ಗೆ ಬಾ ಎಂದರು. ಕತ್ತರಿಸಿದ ಹಲಗೆಗೆ ತುಂಡು ಸೇರಿಸಿ, ತೆಂಗಿನ ನಾರಿಗೆ ಹಸಿರು ಬಳಿದು ಮುಳ್ಳುಕಂಟಿಯನ್ನೂ ನೆಟ್ಟರು. ಕಡೆಗೆ, ಸಭೆಯ ದಿನ ಹೊತ್ತು ಮೂಡುವಾಗ ಒಬ್ಬೊಬ್ಬರಿಗೂ ಕಣ್ಣು ಬರೆದರು. ಮಾಡುವುದಾದರೆ ಪೂರ್ತಿ ಮಾಡಬೇಕು ಎನ್ನುವುದು ಆ ಮನೆಯ ಹಟ.

ಸಭೆಯಲ್ಲಿ ಮೆಟ್ರೋ ಪರ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಜನ ಮುಗಿಬಿದ್ದದ್ದು ಲೈಟ್ ರೈಲಿನ ಮೇಜಿಗೆ. ಎಲ್ಲರೂ ತಮ್ಮ ತಮ್ಮ ಮನೆ ಹುಡುಕುವವರೇ. ಅಲ್ಲಿ ಅನನ್ಯಾ ಎಂಬ ಕನ್ನಡಿಗ ವಿದ್ಯಾರ್ಥಿನಿ ಮುಳ್ಳುಕಂಟಿಯ ಮೇಲೆ ಬೆರಳಿಟ್ಟು, "ಈ ಕಡೆ ಖಾಲಿ ಇದೆಯಲ್ಲ, ರೈಲು ಇಲ್ಲಿ ಬರಬಾರದಾ?" ಎಂದಳು. ಮೇಜಿನ ಬಳಿಯಿದ್ದ ಸರ್ಕಾರಿ ಎಂಜಿನಿಯರು ತಲೆ ಕೆರೆದುಕೊಂಡು, ಮೊದಲು ಆ ಯೋಚನೆಯೂ ಇತ್ತು, ಮತ್ತೆ ಅಳೆಸುತ್ತೇವೆ ಎಂದರು. ಅಳೆಸಿದರು. ಕಳೆದ ವಾರ ತೀರ್ಮಾನ ಬಂದಿದೆ: ಲೈಟ್ ರೈಲು, ರಸ್ತೆಯ ಆಚೆ ಬದಿಯಲ್ಲಿ. ಶೆಡ್ಡುಗಳು ಉಳಿದಿವೆ. ಸುದ್ದಿ ಕೇಳಿ ನನ್ನ ಎದೆಯೂ ಹಗುರಾಯಿತು, ಮೆಟ್ರೋ ಸೋತದ್ದು ನೆನಪಿಗೂ ಬರಲಿಲ್ಲ.

ಈಗ ಹೊಸ ಮಾಡೆಲ್ ತಯಾರಾಗುತ್ತಿದೆ. ಇದರಲ್ಲಿ ನೀಲಿ ಶೆಡ್ಡೂ ಇದೆ. ಕೈಚೀಲದ ಹೆಣ್ಣುಬೊಂಬೆ ಎಂದಿನಂತೆ ಸ್ಟಾಪಿನಲ್ಲಿ, ಕಣ್ಣರಳಿಸಿಕೊಂಡು. "ಗಾಡಿ ಬಂದ ದಿನ ಇಬ್ಬರೂ ಕೂಡೇ ಹತ್ತಬೇಕು, ಕಿಟಕಿಯಾಗಿಂದ ನಮ್ಮ ಶೆಡ್ಡು ನೋಡಬೇಕು. ಅಷ್ಟರಿ" ಎನ್ನುತ್ತಾರೆ ಶಂಕರಪ್ಪ.

ಶೆಡ್ಡಿನ ಬಾಗಿಲಲ್ಲಿ ಕೂತ ಗಂಡುಬೊಂಬೆಗೆ ಮಾತ್ರ ಇನ್ನೂ ಕಣ್ಣಿಲ್ಲ. ಮರೆತಿರಾ ಎಂದು ಕೇಳಿದೆ.

"ಇಲ್ರೀ, ಅಂವಾ ಮಲಗ್ಯಾನ" ಎಂದು ಶಂಕರಪ್ಪ ಸೂಜಿ ಒರೆಸಿದರು. "ಎಷ್ಟೋ ದಿನದಿಂದ ನಿದ್ದಿ ಇಲ್ಲ ಅವಗ. ಟೆಂಪೋ ಬಂದಾಗ ಎಬ್ಬಿಸೋಣಂತ."