ಸನಾದಿಗೆ ಮೊದಲ ಪಾಳಿ

ಗಜೇಂದ್ರಗಡದ ಉಸ್ಮಾನಸಾಬರಿಗೆ ಮೊಣಕಾಲು ನೋವು ಹಿಡಿದ ಮೇಲೆ ಮದುವೆಗಳಲ್ಲಿ ಹಾಡು ಹಚ್ಚುವ ಅವರ ಮೈಕ್ ಸೆಟ್ಟನ್ನು ನಡೆಸಿದವಳು ಮಗಳು ಸೈರಾಬಾನು. ಕ್ಯಾಸೆಟ್ಟಿನ ಸುರುಳಿ ಬಿಡಿಸಿ ಬಿಡಿಸಿ ಬೇಸತ್ತ ಅವಳು 2007ರಲ್ಲಿ ಹಳೆಯದೊಂದು ಕಂಪ್ಯೂಟರ್ ತಂದು, ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಹಾಡುಗಳನ್ನೆಲ್ಲ ಅದರಲ್ಲಿ ತುಂಬಿದಳು. ಹೆಣ್ಣುಮಗಳು ಮೈಕ್ ಹಚ್ಚುವುದನ್ನು ನೋಡಲೆಂದೇ ಜನ ಮಂಟಪದ ಮೂಲೆಗೆ ಬರುತ್ತಿದ್ದರು.

ಆ ಶ್ರಾವಣದಲ್ಲಿ ಹೊಳೆಆಲೂರಿನ ರೇಣುಕವ್ವನ ಮಗಳ ಮದುವೆ. ಮೆಣಸಗಿಯಿಂದ ಬರಬೇಕಿದ್ದ ಸನಾದಿಯವರಿಗೆ ತುಂಬಿದ ಹೊಳೆ ದಾರಿ ಕಟ್ಟಿತ್ತು. ಅಕ್ಷತೆ ಬೀಳುವಾಗ ಸನಾದಿ ತುಂಡಾದರೆ ಅಪಶಕುನವೆಂದು ರೇಣುಕವ್ವನ ನಂಬಿಕೆ. ಸನಾದಿಯನ್ನು ಕಂಪ್ಯೂಟರಿನಲ್ಲೇ ನುಡಿಸುವೆನೆಂದು ಸೈರಾ ಮಾತು ಕೊಟ್ಟಳು.

ಮುಹೂರ್ತಕ್ಕೆ ಮೊದಲು ಹಚ್ಚಿ ನೋಡಿದರೆ ಸನಾದಿ ತಡೆತಡೆದು ಬಂತು.

“ಏನವಾ ಸೈರಾ, ನಿನ್ನ ಸನಾದಿಗೆ ಬಿಕ್ಕ ಹತ್ತ್ಯಾವೇನು? ನೀರು ಕುಡಸು,” ಎಂದಳು ರೇಣುಕವ್ವ. ನಗುತ್ತಿದ್ದಳು, ಆದರೆ ಮುಖ ಬಾಡಿತ್ತು.

“ತಡಿರಿ ಅಕ್ಕಾರ, ನೋಡತೀನಿ.”

ಯಾವ ಕೆಲಸ ಕಂಪ್ಯೂಟರಿನ ಮೆದುಳಾದ ಪ್ರೊಸೆಸರನ್ನು ಎಷ್ಟು ದುಡಿಸುತ್ತಿದೆಯೆಂದು ತೋರಿಸುವ ಪಟ್ಟಿಯನ್ನು ಸೈರಾ ತೆರೆದಳು. ಎಲ್ಲಕ್ಕಿಂತ ಮೇಲೆ ಅಬ್ಬಾನ ಹೂಮಳೆ ಕುಳಿತಿತ್ತು. ಬಣ್ಣದ ದೀಪ ಕಟ್ಟದೆ ಎಂದೂ ಮೈಕ್ ಹಚ್ಚದ ಉಸ್ಮಾನಸಾಬರು ಅಂದು ಅದೇ ಕಂಪ್ಯೂಟರಿನ ಪರದೆಯ ಮೇಲೆ ವಧೂವರರ ಫೋಟೋ ಇಟ್ಟು, ಅದರ ಮೇಲೆ ಹೂವು ಉದುರುವಂತೆ ಮಾಡಿ, ಮಂಟಪದ ಕಡೆಗೆ ತಿರುಗಿಸಿದ್ದರು. ಪ್ರೊಸೆಸರ್ ಬಹುಪಾಲು ಹೂವಿಗೇ ದುಡಿಯುತ್ತಿತ್ತು.

“ಅಬ್ಬಾ, ಹೂವ ತಗೀಲೇನ್ರಿ?”

“ಬ್ಯಾಡ ಬೇಟಿ. ಬೀಗರು ನಾಷ್ಟಾ ಬಿಟ್ಟು ಅದನ್ನ ನೋಡಾಕತ್ತಾರ.”

ಅಷ್ಟರಲ್ಲಿ ಅಕ್ಷತೆಯ ತಟ್ಟೆಗಳು ಹೊರಟವು. ಒಂದೇ ಕಲ್ಲಿನ ಹಿಟ್ಟಿನ ಗಿರಣಿಯಲ್ಲಿ ಪಾಳಿ ಹಚ್ಚುವುದಿಲ್ಲವೇ? ಇದಕ್ಕೂ ಹಾಗೆಯೇ ಎಂದುಕೊಂಡಳು ಸೈರಾ. ಸನಾದಿಗೆ ಮೊದಲ ಪಾಳಿ, ಹೂವಿಗೆ ಕೊನೆಯದು ಎಂದು ಯಂತ್ರಕ್ಕೆ ಅಪ್ಪಣೆ ಬರೆದು, ಗುಂಡಿ ಒತ್ತಿದಳು.

ಸನಾದಿ ಎತ್ತಿದ ದನಿಗೆ ಮಂಟಪವೇ ತಲೆಯೆತ್ತಿತು. ನೀರು ಹರಿದಂತೆ ಹರಿಯಿತು, ಎಲ್ಲಿಯೂ ತಡೆಯಲಿಲ್ಲ. ರೇಣುಕವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಪರದೆಯ ಹೂವು ಮಾತ್ರ ಕುಂಟಿ ಕುಂಟಿ, ನಡುವೆಯೇ ನಿಂತಿತು.

“ಹೂವ ನಿಂತಾವಲ್ಲ ಬೇಟಿ,” ಎಂದರು ಉಸ್ಮಾನಸಾಬರು, ಪರದೆಯಿಂದ ಕಣ್ಣು ಕೀಳದೆ.

“ಮ್ಯಾಲ ನೋಡ್ರಿ ಅಬ್ಬಾ.”

ಅವರು ಮುಖವೆತ್ತಿದರು. ನಾಲ್ಕೂ ಕಡೆಯಿಂದ ಎಸೆದ ಅಕ್ಷತೆ ಅವರ ಟೋಪಿಯ ಮೇಲೂ ಉದುರಿತು.