ಐಸೊಲೇಟೆಡ್ ಎಂಬ ಮಾತು

ಫೋರ್ಟ್‌ನ ಒಂದು ಉಡುಪಿ ಹೋಟೆಲಿಗೆ ನಾನು ಬಹಳ ಕಾಲ ವೈರ್‌ಮನ್ ಆಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮಿಕ್ಕಿದ್ದೆಲ್ಲ ಕೈಗೆ ತಾನಾಗಿ ಬಂದಿದೆ ಅಂದುಕೊಂಡಿದ್ದೆ.

ಅಡುಗೆಮನೆಯ ಗೋಡೆಯ ಸ್ವಿಚ್ಚು ಹಬೆ ಕುಡಿದು ಮುಟ್ಟಿದವರಿಗೆ ಶಾಕ್ ಹೊಡೆಯುತ್ತಿತ್ತು. ಅದಕ್ಕೆ, ದೋಸೆಕಲ್ಲಿನ ಮೇಲಿನ ಬಲ್ಬಿಗೆ ಸಾಲಿಡ್ ಸ್ಟೇಟ್ ರಿಲೇ ಹಾಕಿದೆ. ಬೆಂಕಿಪೊಟ್ಟಣದಷ್ಟು ಡಬ್ಬಿ. ನಾವು ಒತ್ತುವ ಗುಂಡಿಯ ಕಡೆ ಐದೇ ವೋಲ್ಟು, ಬಲ್ಬಿನ ಕಡೆ ಪೂರ್ತಿ ಕರೆಂಟು. ನಡುವೆ ತಂತಿಯ ಸಂಬಂಧವಿಲ್ಲ; ಒಳಗಿನ ಸಣ್ಣದೊಂದು ಬೆಳಕು ಆಚೆಗೆ ಸುದ್ದಿ ಮುಟ್ಟಿಸುತ್ತದೆ. ಇದಕ್ಕೇ ಐಸೊಲೇಟೆಡ್ ಅನ್ನುವುದು. ಹಳೆಯ ಸ್ವಿಚ್ಚನ್ನು ಕಿತ್ತು ಬಿಸಾಕಿದೆ.

ಆ ಮಾತು ಗುಂಡಿಗೆ ಸಲ್ಲುತ್ತದೆ, ಬಲ್ಬಿಗಲ್ಲ. ಆಫ್ ಮಾಡಿದಾಗಲೂ ರಿಲೇ ಒಂದಿಷ್ಟು ಕರೆಂಟನ್ನು ಸೋರಲು ಬಿಡುತ್ತದೆ. ತಂತಿಯನ್ನು ನಿಜವಾಗಿ ಕಡಿಯುವ ಸ್ವಿಚ್ಚೊಂದು ಅದರ ಹಿಂದೆ ಇರಲೇಬೇಕು. ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಅದು ಇತ್ತು. ನಾನು ಓದಿರಲಿಲ್ಲ.

ಒಂದು ಮಧ್ಯಾಹ್ನ, ಆಫೀಸಿನವರ ಗದ್ದಲದ ಹೊತ್ತಿಗೆ ಬಲ್ಬು ಹೋಯಿತು. ದೋಸೆ ಹಾಕುವ ಭಟ್ರು ಗುಂಡಿ ಆಫ್ ಮಾಡಿ ಸ್ಟೂಲ್ ಎಳೆದುಕೊಂಡರು. ಮೈನ್ ತೆಗೆಯಬೇಕೇ ಎಂದು ನನ್ನನ್ನು ಕೇಳಿದರು.

"ಮೈನ್ ತೆಗೆದ್ರೆ ಫ್ರಿಜ್ಜು, ಮಿಕ್ಸರ್ ಎಲ್ಲ ನಿಲ್ಲುತ್ತೆ ಭಟ್ರೇ. ಐಸೊಲೇಟೆಡ್ ಇದೆ, ಧೈರ್ಯವಾಗಿ ಕೈ ಹಾಕಿ."

"ನಿಮ್ಮ ಐಸೊಲೇಟೆಡ್ ನನ್ನನ್ನು ಸೀದಾ ಮೇಲೆ ಕಳಿಸ್ಲಿಕ್ಕಿಲ್ಲ ಅಲ್ವಾ ಮಾರಾಯ್ರೆ?"

ಹೆಗಲ ಬೈರಾಸಿನಲ್ಲಿ ಎರಡೂ ಕೈ ಒರೆಸಿಕೊಂಡು ಹತ್ತಿದರು. ಒರೆಸಿದ್ದನ್ನು ನಾನು ನೋಡಿದೆ. ಎಡಗೈಯಲ್ಲಿ ಹೊಗೆಗೂಡಿನ ಸ್ಟೀಲ್ ಅಂಚು ಹಿಡಿದಿದ್ದರು. ಬಲಗೈ ಬೆರಳು ಹೋಲ್ಡರಿನ ಪಿನ್ನಿಗೆ ತಾಗಿತು. ಹೊಡೆದದ್ದು ಸಣ್ಣ ಶಾಕೇ. ಆದರೆ ಬೆಚ್ಚಿದರು, ಸ್ಟೂಲ್ ಜಾರಿತು, ಆಸರೆಗೆ ಊರಿದ ಬಲ ಅಂಗೈ ಕಾದ ಕಲ್ಲಿನ ಮೇಲೆ ಬಿತ್ತು.

ಧಣಿಗಳು ಏನಾಯಿತೆಂದು ಕೇಳಿದಾಗ, ಒದ್ದೆ ಕೈಯಲ್ಲಿ ಹೋಲ್ಡರ್ ಮುಟ್ಟಿದರು ಅಂದೆ. ಅಂದೇ ಸಂಜೆ, ಭಟ್ರು ಪರೇಲಿನ ಆಸ್ಪತ್ರೆಯಲ್ಲಿದ್ದಾಗ, ಯಾರಿಗೂ ಹೇಳದೆ ರಿಲೇ ಹಿಂದೆ ಸ್ವಿಚ್ಚೊಂದನ್ನು ಕೂರಿಸಿದೆ. ಆ ಹೊತ್ತಿಗಾಗಲೇ ಕಾಗದ ಓದಿದ್ದೆ.

ಗಾಯ ಮಾಯಿತು, ಬೆರಳು ನೇರವಾಗಲಿಲ್ಲ. ಕೆಲವು ತಿಂಗಳು ಭಟ್ರು ಕೊತ್ತಂಬರಿ ಹೆಚ್ಚಿದರು. ಆಮೇಲೆ, ಅಜಾಗರೂಕತೆಯ ಮನುಷ್ಯ ಎಂದು ಧಣಿಗಳು ಕಳಿಸಿಬಿಟ್ಟರು. ಬೇರೆ ಯಾವ ಹೋಟೆಲೂ ಅವರನ್ನು ಕಲ್ಲಿನ ಮುಂದೆ ನಿಲ್ಲಿಸಲಿಲ್ಲ.

ಕಳೆದ ತಿಂಗಳು ಮಲಾಡಿನ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಹಾಗಾದ್ರೆ ನನ್ನ ಕೈ ಒದ್ದೆ ಇರ್ಲಿಲ್ವಾ?" ಅಂದರು.

"ಇರ್ಲಿಲ್ಲ ಭಟ್ರೇ. ಒರೆಸ್ಕೊಂಡಿದ್ರಿ."

ಅವರು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿದರು. ಆಕೆಯೂ ಇಷ್ಟು ವರ್ಷ ಆ ಒದ್ದೆ ಕೈಯನ್ನೇ ಶಪಿಸಿದ್ದರಂತೆ. ಈಗ ತಲೆ ತಗ್ಗಿಸಿ ಒಳಗೆ ಹೋದರು.

"ಇದನ್ನು ಧಣಿಗಳಿಗೆ ಹೇಳ್ತೀರಾ?" ಎಂದು ಭಟ್ರು ಕೇಳಿದರು.

ಧಣಿಗಳು ತೀರಿಕೊಂಡು ಮೂರು ವರ್ಷ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ಅದು ಭಟ್ರಿಗೂ ಗೊತ್ತು. ಆದರೂ ನನ್ನ ಉತ್ತರಕ್ಕೆ ಕಾಯುತ್ತಾ ಕೂತರು.