ನಂಜುಂಡಪ್ಪ ಮೇಷ್ಟ್ರು ಕೊಟ್ಟ ಮಾತು

ನಂಜುಂಡಪ್ಪ ಮೇಷ್ಟ್ರು ಕೂತಿದ್ದನ್ನು ನಾವು ಯಾರೂ ನೋಡಿರಲಿಲ್ಲ. ತಿಪಟೂರಿನ ನಮ್ಮ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಹೇಳುತ್ತಿದ್ದರು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬೋರ್ಡಿಗೆ ನಡೆಯುತ್ತಲೇ ಪಾಠ. ಸಮೀಕರಣವನ್ನು ಅರ್ಧ ಬರೆದು ಹಿಂದಿನ ಬೆಂಚಿನವರೆಗೂ ಹೋಗಿ, ಯಾರದೋ ನೋಟ್ಸು ಇಣುಕಿ, ವಾಪಸು ಬಂದು ಉಳಿದರ್ಧ ಮುಗಿಸುವರು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಮೇಲೆ ಬೇರೆಯವರು ಊಟದ ಡಬ್ಬಿ ಇಡುತ್ತಿದ್ದರು. ಮೇಷ್ಟ್ರು ಕಂದಿಕೆರೆಯ ತೆಂಗು ಬೆಳೆಗಾರರ ಮನೆಯವರು. ಹಣೆಯಲ್ಲಿ ವಿಭೂತಿ, ತೋಳಿನ ಮೇಲೆ ಸೀಮೆಸುಣ್ಣದ ಪುಡಿ.

“ಓದಿದ್ದು ಕಾಲು, ಕಂಡಿದ್ದು ಮುಕ್ಕಾಲು ಕಣ್ರಪ್ಪಾ” ಎನ್ನುವುದು ಅವರ ಮಾತು. ನಮ್ಮನ್ನು ಎಣ್ಣೆ ಗಾಣಕ್ಕೂ ಬೆಲ್ಲದ ಆಲೆಮನೆಗೂ ನಡೆಸಿಕೊಂಡೇ ಹೋಗಿ ತೋರಿಸಿದ್ದರು.

ನನಗೂ ಆಗ ಕಾಲು ನಿಲ್ಲದ ವಯಸ್ಸು. ನಮ್ಮೂರು ಬಿಳಿಗೆರೆಯಿಂದ ಬಸ್ಸಲ್ಲಿ ಬರುವುದು, ಬಸ್ಸಲ್ಲೇ ಹೋಗುವುದು. ಎರಡೂ ಕಡೆ ತೆಂಗಿನ ಸಾಲು. ಅದರಾಚೆ ಏನಿದೆಯೋ ಎಂಬ ಚಡಪಡಿಕೆಯಲ್ಲಿ ಪುಸ್ತಕದ ಮುಂದೆಯೂ ಕೂರಲಾಗುತ್ತಿರಲಿಲ್ಲ.

ಕೊನೆಯ ವರ್ಷದ ಬಿಎಸ್ಸಿಯಲ್ಲಿ ಹಣ್ಣಿನ ರಸ ಹುಳಿತು ಮದ್ಯವಾಗುವ ಪಾಠ ಬಂತು. ಮೇಷ್ಟ್ರು ಎರಡು ಸಾಲು ಓದಿ ಪುಸ್ತಕ ಮುಚ್ಚಿದರು. “ಇದನ್ನ ಇಲ್ಲಿ ಹೇಳೋದು ದಂಡ. ಗೋವಾದ ಕಡೆ ಸಮುದ್ರದ ಪಕ್ಕ ಗೋಡಂಬಿ ಹಣ್ಣು ತುಳಿದು ಮದ್ಯ ಇಳಿಸ್ತಾರೆ. ಶನಿವಾರ, ಭಾನುವಾರ ಹೋಗಿ ಬರೋಣ” ಎಂದರು. ನಾವು ಹನ್ನೊಂದು ಜನ. ಒಂಬತ್ತು ಹುಡುಗರು, ಇಬ್ಬರು ಹುಡುಗಿಯರು.

ಎಲ್ಲರ ಮನೆಗೂ ಅವರೇ ಸೈಕಲ್ಲಿನಲ್ಲಿ ಹೋಗಿ ಒಪ್ಪಿಗೆ ಕೇಳಿದರು. ನಮ್ಮಪ್ಪ ಕೊಬ್ಬರಿ ವ್ಯಾಪಾರದವರು, ಮಾತು ಕಡಿಮೆ.

“ಹೆಂಡ ಮಾಡೋದ ನೋಡಕ್ಕೆ ಹೆಣ್ಮಗೀನ ಕಳುಸ್ಲಾ ಮೇಷ್ಟ್ರೇ?”

“ನೋಡಕ್ಕೆ ಮಾತ್ರ ಶಿವಣ್ಣನೋರೇ. ನನ್ನ ಹೆಂಡ್ತೀನೂ ಬತ್ತಾಳೆ. ಒಂದು ತೊಟ್ಟು ಯಾರ ನಾಲಿಗೆಗೂ ಸೋಕಲ್ಲ. ಮಾತು ಕೊಡ್ತೀನಿ.”

ಅಪ್ಪ ನನ್ನ ಮುಖ ನೋಡಿದರು. “ಮಾತಿಗೆ ತಪ್ಪಿದ್ರೆ ಇವಳ ಓದು ಅಲ್ಲಿಗೇ ಮುಗೀತು ಕಣ್ರೀ” ಎಂದು ಒಪ್ಪಿದರು.

ಶಿವರಾತ್ರಿ ಕಳೆದ ವಾರ ಶುಕ್ರವಾರ ಸಂಜೆ ರೈಲು ಹತ್ತಿದೆವು. ಲೋಂಡಾದಲ್ಲಿ ಗಾಡಿ ಬದಲಿಸಿ ಶನಿವಾರ ಮಧ್ಯಾಹ್ನ ಇಳಿದೆವು. ದಾರಿಯುದ್ದಕ್ಕೂ ಮೇಷ್ಟ್ರು ಬೋಗಿಯ ಆ ತುದಿಯಿಂದ ಈ ತುದಿಗೆ ಓಡಾಡುತ್ತಲೇ ಇದ್ದರು. ಅವರ ಹೆಂಡತಿ ಪಾರ್ವತಮ್ಮ ಪುಳಿಯೋಗರೆ ಬಡಿಸುತ್ತಾ, “ಟಿಕೀಟು ತಗೊಂಡು ನಡ್ಕೊಂಡು ಹೋಗೋರು ಇವರೊಬ್ರೇ” ಎಂದರು.

ಅಲ್ಲಿನ ತೆಂಗಿನ ಮರಗಳನ್ನು ನೋಡಿ ನಾವೆಲ್ಲ ನಿಂತುಬಿಟ್ಟೆವು. ಹೊಂಬಾಳೆ ಕೊಯ್ದು ಹೆಂಡಕ್ಕೆ ಮಡಕೆ ಕಟ್ಟಿದ್ದರು. ನಮ್ಮ ಮನೆಗಳಲ್ಲಿ ಒಂದು ಹೊಂಬಾಳೆ ಮುರಿದರೆ ಎರಡು ದಿನ ಅದೇ ಮಾತು. ಅಲ್ಲಿ ಕಾಯಿಯ ಆಸೆಯನ್ನೇ ಬಿಟ್ಟು ಮರ ಬೆಳೆಸಿದ್ದರು. ಗುಡ್ಡದ ಮೇಲೆ ಕಲ್ಲಿನ ತೊಟ್ಟಿಯಲ್ಲಿ ಆಳುಗಳು ಗೋಡಂಬಿ ಹಣ್ಣು ತುಳಿಯುತ್ತಿದ್ದರು. ಪಕ್ಕದ ಗುಡಿಸಲಲ್ಲಿ ಹುಳಿತ ರಸ ದೊಡ್ಡ ಹಂಡೆಯಲ್ಲಿ ಕುದಿದು, ಆವಿ ತಣ್ಣಗಾಗಿ ಕೊಳವೆಯಿಂದ ತೊಟ್ಟಿಕ್ಕುತ್ತಿತ್ತು. ಮೇಷ್ಟ್ರು ಮಗುವಿನ ಹಾಗೆ ಹಂಡೆಯ ಸುತ್ತ ಸುತ್ತಿದರು, ಮುಟ್ಟಿದರು, ಮೂಸಿದರು. ಯಜಮಾನ ಲೋಟ ಮುಂದೆ ಹಿಡಿದಾಗ ಮಾತ್ರ ಎರಡೂ ಕೈ ಮುಗಿದು ಹಿಂದೆ ಸರಿದರು.

ಭಾನುವಾರ ಬೆಳಗ್ಗೆ ಪಾರ್ವತಮ್ಮನವರನ್ನು ತಂಗಿದ್ದ ಮನೆಯಲ್ಲಿ ಬಿಟ್ಟು ಎಲ್ಲರೂ ಸಮುದ್ರದ ಕಡೆ ಇಳಿದರು. ಮರೆತ ನೋಟ್ಸು ತರಲು ನಾನು ಗುಡಿಸಲಿಗೆ ವಾಪಸು ಹೋದೆ. ಹಂಡೆಯ ಬಳಿ ಕೂತಿದ್ದ ಮುದುಕಿ ನಕ್ಕು, ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಹಿಡಿದು ಚಾಚಿದಳು. ಬೇಡ ಎನ್ನಲು ಬಾಯಿ ತೆರೆದೆ, ಕೈ ಮುಂದೆ ಹೋಗಿಯೇಬಿಟ್ಟಿತು. ಒಂದೇ ಗುಟುಕಿಗೆ ಕುಡಿದೆ.

ಹೊರಗೆ ಬಂದರೆ ನನ್ನನ್ನು ಹುಡುಕಿಕೊಂಡು ಬಂದ ಮೇಷ್ಟ್ರು ಎದುರಿಗೇ ನಿಂತಿದ್ದರು. ವಾಸನೆ ಮುಚ್ಚಿಡುವಂಥದ್ದಲ್ಲ.

“ಎಷ್ಟು?”

“ಒಂದು ಚಿಪ್ಪು ಸರ್.”

ಅವರು ಅಂಗಳದ ಉದ್ದಕ್ಕೂ ಹೋಗಿ ಬಂದರು. ಮತ್ತೆ ಹೋಗಿ ಬಂದರು. ನಾನು ಅಳತೊಡಗಿದೆ. “ಮಾತು ಕೊಟ್ಟೋನು ನಾನು ಕಣಮ್ಮ. ನೀನು ಹೋಗಿ ಮೇಡಂ ಹತ್ರ ಮಲಕ್ಕೋ” ಎಂದರು. ಪಾರ್ವತಮ್ಮ ಏನೂ ಕೇಳದೆ ನಿಂಬೆಹಣ್ಣಿನ ನೀರು ಕುಡಿಸಿ, ಒದ್ದೆ ಬಟ್ಟೆ ಹಣೆಗಿಟ್ಟರು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಊರಿಗೆ ಬಂದ ಮೇಲೆ ಮೇಷ್ಟ್ರು ಮತ್ತೆ ಸೈಕಲ್ ಹತ್ತಿದರು. ಹನ್ನೊಂದು ಮನೆಗೂ ಹೋದರು. ನಮ್ಮ ಮನೆಗೆ ಬಂದಾಗ ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದೆ.

“ಮಾತು ಉಳಿಸ್ಕೊಳ್ಳಕ್ಕೆ ಆಗಲಿಲ್ಲ ಶಿವಣ್ಣನೋರೇ. ಒಬ್ರು ಕುಡಿದ್ರು.”

“ಯಾರು?”

“ಅದನ್ನ ಹೇಳಲ್ಲ. ಯಾವ ಮನೇಲೂ ಹೇಳಿಲ್ಲ. ಬಯ್ಯೋದಿದ್ರೆ ನನ್ನ ಬಯ್ರಿ.”

ಅಪ್ಪ ಬಯ್ಯಲಿಲ್ಲ. ಒಂದು ಲೋಟ ನೀರೂ ಕೊಡಲಿಲ್ಲ.

ಕುಡಿದವನು ಹುಡುಗರಲ್ಲೇ ಒಬ್ಬನೆಂದು ಊರು ತೀರ್ಮಾನಿಸಿತು. ನಾವಿಬ್ಬರು ಹುಡುಗಿಯರ ಕಡೆ ಯಾರೂ ತಿರುಗಿ ನೋಡಲಿಲ್ಲ. ಕಾಲೇಜಿನ ಆಡಳಿತದವರು ಹೆಸರು ಹೇಳಿ, ಇಲ್ಲಾ ಕೆಲಸ ಬಿಡಿ ಎಂದರು. ಮೇಷ್ಟ್ರು ಹೇಳಲಿಲ್ಲ. ನಾನು ಎರಡು ಸಲ ಪ್ರಿನ್ಸಿಪಾಲರ ಬಾಗಿಲವರೆಗೂ ಹೋಗಿ ವಾಪಸು ಬಂದೆ. ಹೇಳಿದರೆ ಪರೀಕ್ಷೆಗೂ ಅಪ್ಪ ಕಳಿಸುತ್ತಿರಲಿಲ್ಲ. ಜೂನಿನಲ್ಲಿ ಮೇಷ್ಟ್ರು ರಾಜೀನಾಮೆ ಕೊಟ್ಟು ದಾವಣಗೆರೆ ಕಡೆಯ ಒಂದು ಕಾಲೇಜಿಗೆ ಹೋದರು. ಆ ಹೊತ್ತಿಗೆ ನಾನು ಪಾಸಾಗಿದ್ದೆ.

ಎಂಟು ವರ್ಷದ ಮೇಲೆ ಅರಸೀಕೆರೆ ಸ್ಟೇಷನ್ನಿನಲ್ಲಿ ಸಿಕ್ಕಿದರು. ಕೂದಲು ಬೆಳ್ಳಗಾಗಿತ್ತು. ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೇನೆಂದಾಗ ಮುಖ ಅರಳಿತು. ನನಗೆ ಮಾತ್ರ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಸರ್, ಅವತ್ತು ನಾನು ಹೇಳ್ಬೇಕಿತ್ತು.”

“ಹೇಳಿದ್ರೆ ಏನಾಗ್ತಿತ್ತು? ನಿನ್ನ ಮದುವೆ ಮಾಡಿ ಕಳುಸ್ತಿದ್ರು. ನಂಗೇನು ಬುಡು, ಎಲ್ಲಿ ಹೋದ್ರೂ ಒಂದು ಬೋರ್ಡು ಇರುತ್ತೆ.” ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. “ಒಂದು ಕೇಳ್ತೀನಿ ಗಿರಿಜಾ. ಇಷ್ಟು ವರ್ಷ ಅದರ ಪಾಠ ಮಾಡಿದೀನಿ, ಒಂದು ತೊಟ್ಟೂ ಬಾಯಿಗೆ ಹಾಕಿಲ್ಲ. ಹೆಂಗಿತ್ತು ಅದು?”

“ಮೊದಲು ಹಣ್ಣಿನ ವಾಸನೆ ಸರ್. ಆಮೇಲೆ ಗಂಟಲಲ್ಲಿ ಕೆಂಡ. ಹೊಟ್ಟೆಗಿಳಿದ ಮೇಲೆ ಬಿಸಿ. ಒಂದು ಗಳಿಗೆ ಸಮುದ್ರಾನೇ ಹತ್ರ ಬಂದಂಗಾಯ್ತು.”

ಕಣ್ಣು ಮುಚ್ಚಿಕೊಂಡು ಕೇಳಿದರು. “ಸಮುದ್ರದ್ದು ಯಾವ ಪುಸ್ತಕದಲ್ಲೂ ಇಲ್ಲ” ಎಂದರು. ಅಷ್ಟರಲ್ಲಿ ಅವರ ರೈಲು ಬಂತು.

ಮರುವರ್ಷ ಪಾರ್ವತಮ್ಮನವರ ಕಾಗದ ಬಂತು. ಮೇಷ್ಟ್ರು ತೀರಿಕೊಂಡು ಹದಿನೈದು ದಿನವಾಗಿತ್ತು. ನಾನು ಆ ಕಾಗದ ಹಿಡಿದು ಬಿಳಿಗೆರೆಗೆ ಹೋಗಿ, ಅಪ್ಪನ ಮುಂದೆ ನಿಂತು, ಗೋವಾದಲ್ಲಿ ಕುಡಿದವಳು ನಾನೇ ಎಂದೆ. ಅಪ್ಪ ಕಾಗದ ಇಸಿದುಕೊಂಡು ಓದಿದರು. ಆಮೇಲೆ ಒಳಗೆ ಹೋಗಿ ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು.

“ಆ ಯಮ್ಮನ್ನ ಮಾತಾಡ್ಸಿಕೊಂಡು ಬರಾನ” ಎಂದರು. “ನಡಿ, ಬಸ್ಸು ಹೊಂಟೋಯ್ತದೆ.”